ಕ್ಯಾಟರಾಕ್ಟ್ ಕಣಿವೆಯ ನೆರೆಯಲ್ಲಿ ಮೂರು ದೋಣಿ

ಅಮೆರಿಕದ ಯೂಟಾ ರಾಜ್ಯದ ಕ್ಯಾಟರಾಕ್ಟ್ ಕ್ಯಾನಿಯನ್ನಿನಲ್ಲಿ ಕೊಲರಾಡೋ ನದಿಯನ್ನು ನಾನು ಮೂರು ಸಲ ಇಳಿದಿದ್ದೇನೆ. ಮೂರು ಸಲವೂ ನೆರೆ ಬಂದ ಹೊತ್ತಿನಲ್ಲೇ, ಆದರೆ ಬೇರೆ ಬೇರೆ ದೋಣಿಯಲ್ಲಿ. ಮೊದಲನೇ ಸಲ ಮೋಟರ್ ಹಾಕಿದ ದೊಡ್ಡ ರಬ್ಬರ್ ದೋಣಿ. ಆಮೇಲೆ ಎಲ್ಲರೂ ಸೇರಿ ಪ್ಯಾಡಲ್ ಹಾಕುವ ರಾಫ್ಟ್. ಕೊನೆಗೆ ಒಬ್ಬರೇ ನಡುವೆ ಕೂತು ಎರಡು ಉದ್ದನೆಯ ಹುಟ್ಟು ಹಾಕುವ ರಾಫ್ಟ್. ದಾಂಡೇಲಿಯಲ್ಲಿ ಕಾಳಿ ನದಿ ಇಳಿದು ಬಂದಿರುವ ನಮ್ಮ ಕಡೆಯ ಹುಡುಗರು ಇಲ್ಲಿಗೆ ಬಂದಮೇಲೆ "ಅಣ್ಣಾ, ಜೂನ್‌ನಲ್ಲಿ ಹೋಗೋಣ ಅಂತಿದೀವಿ, ಯಾವುದು ಬುಕ್ ಮಾಡೋದು?" ಅಂತ ಕೇಳುತ್ತಲೇ ಇರುತ್ತಾರೆ. ನೀರು ಎಷ್ಟಿದೆ ಅನ್ನುವುದನ್ನು ಬಿಟ್ಟು ಇದಕ್ಕೆ ಉತ್ತರ ಹೇಳೋಕೆ ಆಗಲ್ಲ. ಅದಕ್ಕೇ ಮೊದಲು ನೀರಿನ ಮಾತು.

ಇಲ್ಲಿ ನದಿಯನ್ನು ಅಳೆಯುವುದು ನಮಗೆಲ್ಲ ಗೊತ್ತಿರುವ ಕ್ಯೂಸೆಕ್ ಲೆಕ್ಕದಲ್ಲೇ. ನಾನು ಶ್ರೀರಂಗಪಟ್ಟಣದ ಕಡೆಯವನು. ಕೆಆರ್‌ಎಸ್‌ನಿಂದ 50 ಸಾವಿರ ಕ್ಯೂಸೆಕ್ ಬಿಟ್ಟರು ಅಂದರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ಹೊಳೆ ದಂಡೆಯವರಿಗೆ ಎಚ್ಚರಿಕೆ ಕೊಡುತ್ತಾರೆ. ಅಷ್ಟೇ ನೀರು ಈ ಕಣಿವೆಗೆ ಬಂದಾಗ ಇಲ್ಲಿ ಜನ ದೋಣಿ ತಂದು ಇಳಿಸುತ್ತಾರೆ. ಕಾವೇರಿಗೆ ಗದ್ದೆ, ತೋಟ, ನಡುಗಡ್ಡೆ ಅಂತ ಹರಡಿಕೊಳ್ಳಲು ಜಾಗವಿದೆ. ಇಲ್ಲಿ ಎರಡೂ ಕಡೆ ಕಲ್ಲಿನ ಗೋಡೆ. ನೀರು ಹರಡುವ ಹಾಗಿಲ್ಲ, ಮೇಲಕ್ಕೇ ಏಳಬೇಕು.

ಮರುಭೂಮಿಯಲ್ಲಿ ನೆರೆ ಎಲ್ಲಿಂದ ಬಂತು ಅಂತ ಅನ್ನಿಸಬಹುದು, ಅಲ್ವಾ? ದೂರದ ರಾಕಿ ಪರ್ವತಗಳಲ್ಲಿ ಚಳಿಗಾಲವೆಲ್ಲ ಬಿದ್ದ ಹಿಮ ಮೇ ಕೊನೆಯಿಂದ ಜೂನ್ ನಡುವಿನ ಹೊತ್ತಿಗೆ ಒಟ್ಟಿಗೆ ಕರಗಿ ಬರುತ್ತದೆ. ಗ್ರೀನ್ ನದಿ ಮತ್ತು ಕೊಲರಾಡೋ ಸೇರುವ ಸಂಗಮದಿಂದ ಸುಮಾರು 6 ಕಿಲೋಮೀಟರ್ ಕೆಳಗೆ, ನೀರು ಬಂಡೆಗಳ ನಡುವೆ ನೊರೆಯೆದ್ದು ನುಗ್ಗುವ ರ‍್ಯಾಪಿಡ್‌ಗಳು ಶುರು. ಇದೇ ನದಿಯಲ್ಲಿ ಇನ್ನೂ ಕೆಳಗಿರುವ ಗ್ರ್ಯಾಂಡ್ ಕ್ಯಾನಿಯನ್ನಿನ ನೀರು 1963ರಿಂದ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಕೈಯಲ್ಲಿದೆ. ಕ್ಯಾಟರಾಕ್ಟ್ ಇರುವುದು ಆ ಅಣೆಕಟ್ಟಿಗಿಂತ ಮೇಲೆ. ಹಾಗಾಗಿ ಒಳ್ಳೆ ಹಿಮ ಬಿದ್ದ ವರ್ಷ ನೆರೆ ಇಲ್ಲಿ ನೆರೆಯಾಗಿಯೇ ಬರುತ್ತದೆ. ಇಲ್ಲಿನ ಬೇಸಿಗೆ ಕೊನೆಯಲ್ಲಿ, ಅಂದರೆ ಆಗಸ್ಟ್ ಹೊತ್ತಿಗೆ, ಐದಾರು ಸಾವಿರ ಕ್ಯೂಸೆಕ್‌ಗೆ ಇಳಿಯುವ ನದಿ 1984ರಲ್ಲಿ 1 ಲಕ್ಷ ದಾಟಿತ್ತು.

ನನ್ನ ಮೊದಲ ಸಲ, ಮೋಟರ್ ದೋಣಿಯಲ್ಲಿ ಹೋದಾಗ, 50 ಸಾವಿರ ದಾಟಿತ್ತು. ಮೋಆಬ್ ಊರಿನ ಹತ್ತಿರದ ಪಾಟ್ಯಾಶ್ ಅನ್ನುವ ಕಡೆ ಹತ್ತಿದೆವು. ಅಲ್ಲಿಂದ ಸಂಗಮದವರೆಗೆ ಸುಮಾರು 75 ಕಿಲೋಮೀಟರ್ ಒಂದೂ ರ‍್ಯಾಪಿಡ್ ಇಲ್ಲ, ಸುಮ್ನೆ ಕೆಂಪು ನೀರು ಹರಿಯುತ್ತಾ ಇರುತ್ತದೆ. ದೋಣಿ ಸುಮಾರು 35 ಅಡಿ ಉದ್ದ, ದಪ್ಪ ದಪ್ಪ ರಬ್ಬರ್ ಕೊಳವೆಗಳನ್ನು ಒಟ್ಟಿಗೆ ಕಟ್ಟಿದ್ದು, ಹಿಂದೆ ಔಟ್‌ಬೋರ್ಡ್ ಮೋಟರ್. ಜಾರ್ಜಿ ವೈಟ್ ಅನ್ನುವ ಹೆಣ್ಣುಮಗಳು 1950ರ ದಶಕದಲ್ಲಿ ಸೈನ್ಯದವರು ತೇಲುಸೇತುವೆಗೆ ಬಳಸಿ ಬಿಟ್ಟ ರಬ್ಬರ್ ತೇಲುಗಳನ್ನು ತಂದು ಕಟ್ಟಿ, ದುಡ್ಡು ಕೊಟ್ಟು ಬಂದವರನ್ನು ಕೂರಿಸಿಕೊಂಡು ಈ ನದಿ ಇಳಿದರು. ಇವತ್ತಿನ ದೊಡ್ಡ ದೋಣಿಗಳೆಲ್ಲ ಆ ದಾರಿಯಲ್ಲೇ ಬಂದವು.

ಬಿಗ್ ಡ್ರಾಪ್ ಅಂತ ಒಂದರ ಹಿಂದೆ ಒಂದು ಮೂರು ರ‍್ಯಾಪಿಡ್‌ಗಳಿವೆ, ಈ ಕಣಿವೆಯ ಹೆಸರು ನಿಂತಿರುವುದೇ ಅವುಗಳ ಮೇಲೆ. ಎರಡನೆಯದರಲ್ಲಿ ನೆರೆ ಬಂದಾಗ ಒಂದು ದೊಡ್ಡ ಬಂಡೆಯ ಮೇಲಿಂದ ಇಡೀ ನದಿಯೇ ಬಿದ್ದ ಹಾಗೆ ನೀರು ಬೀಳುತ್ತದೆ. ಅದಕ್ಕೆ ಲಿಟಲ್ ನಯಾಗರಾ ಅಂತ ಹೆಸರು. ಬಿದ್ದ ನೀರು ಕೆಳಗೆ ತಿರುಗಿ ಹಿಂದಕ್ಕೇ ಬಂದು ಕವಿಯುತ್ತದೆ, ಒಳಗೆ ಹೋದದ್ದನ್ನು ಬಿಡುವುದಿಲ್ಲ. ನಮ್ಮ ದೋಣಿ ಅದರ ಪಕ್ಕದಲ್ಲೇ ಸಾಗಿತು. ನಾನು ಹಗ್ಗ ಹಿಡಿದು ಕೂತು ಬಗ್ಗಿ ನೋಡಿದೆ. ಕೆಳಗೆ ಒಂದು ಮನೆ ಇಳಿಸಬಹುದಾದಷ್ಟು ದೊಡ್ಡ ಗುಂಡಿ, ಅದರ ಗೋಡೆಗಳು ನೀರಿನವು. ಎರಡು ಸಲ ಮೈತುಂಬ ನೀರು ಬಡಿಯಿತು, ಅಷ್ಟರಲ್ಲಿ ಆಚೆ ಬಂದಿದ್ದೆವು. ಜೊತೆಯಲ್ಲಿದ್ದ ಅರವತ್ತು ದಾಟಿದ ದಂಪತಿ ಕೈ ಕೈ ಹಿಡಿದುಕೊಂಡು ನಗುತ್ತಿದ್ದರು. ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಅವರಿಗೆ ಇನ್ಯಾವ ದೋಣಿಯಲ್ಲೂ ಆ ಜಾಗ ಸಿಗುತ್ತಿರಲಿಲ್ಲ.

ನನಗೆ ಕೊರತೆ ಅನ್ನಿಸಿದ್ದು ಬೇರೆ. ಮೋಟರ್ ಸದ್ದಿನಲ್ಲಿ ರ‍್ಯಾಪಿಡ್‌ನ ಸದ್ದು ಕೇಳಲಿಲ್ಲ. ದೂರದಿಂದ ಬರುವ ಆ ಮೊರೆತ ಕೇಳಿ ಹೊಟ್ಟೆಯಲ್ಲಿ ಕಲಸಿದಂತಾಗುವುದೇ ಈ ನದಿಯ ಅರ್ಧ ಅನುಭವ. ಇನ್ನೊಂದು ಮಾತು, ದೊಡ್ಡ ದೋಣಿ ಮಗುಚುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಣೆಕಟ್ಟು ತುಂಬಿ ನೀರು ಬಿಡಬೇಕಾಗಿ ಬಂದ 1983ರ ಜೂನ್ ನೆರೆಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ನಿನ ಕ್ರಿಸ್ಟಲ್ ರ‍್ಯಾಪಿಡ್‌ನಲ್ಲಿ ಇಂಥದ್ದೇ ಮೋಟರ್ ದೋಣಿ ಮಗುಚಿ ಒಬ್ಬ ಪ್ರಯಾಣಿಕರು ತೀರಿಕೊಂಡರು. ಆ ಕ್ರಿಸ್ಟಲ್ ಹುಟ್ಟಿದ್ದು ಯಾವಾಗ ಗೊತ್ತೇ? 1966ರ ಡಿಸೆಂಬರ್‌ನಲ್ಲಿ ಪಕ್ಕದ ಕೊರಕಲಿನಿಂದ ನುಗ್ಗಿದ ನೆರೆ ಬಂಡೆಗಳನ್ನು ತಂದು ನದಿಗೆ ಸುರಿದು, ಸಣ್ಣದಾಗಿದ್ದ ರ‍್ಯಾಪಿಡ್ ಒಂದೇ ಏಟಿಗೆ ದೊಡ್ಡದಾಯಿತು.

ಪ್ಯಾಡಲ್ ರಾಫ್ಟ್ ಬಗ್ಗೆ ಬರೆಯುವಾಗ ನನಗೆ ಈಗಲೂ ಬೇಸರವಿದೆ. ತಪ್ಪು ದೋಣಿಯದಲ್ಲ. 14 ಅಡಿಯ ರಾಫ್ಟ್, ನಾವು ಆರು ಜನ, ಹಿಂದೆ ಗೈಡ್. ಅವರು "ಮುಂದಕ್ಕೆ" ಅಂದಾಗ ಆರೂ ಪ್ಯಾಡಲ್ ಒಟ್ಟಿಗೆ ಬಿದ್ದರೆ ರಾಫ್ಟ್ ಮೀನಿನ ಹಾಗೆ ಚಿಮ್ಮುತ್ತದೆ. ಮೊದಲ ಏಳೆಂಟು ರ‍್ಯಾಪಿಡ್‌ಗಳಲ್ಲಿ ನಾನು ಬದುಕಿನಲ್ಲೇ ಅಷ್ಟು ಖುಷಿಪಟ್ಟಿರಲಿಲ್ಲ ಅನ್ನಿಸಿತ್ತು. ದೋಣಿ ನಡೆಸಿದ್ದು ನಾವೇ ಅನ್ನುವ ಭಾವ ಮೋಟರ್ ದೋಣಿಯಲ್ಲಿ ಎಳ್ಳಷ್ಟೂ ಬಂದಿರಲಿಲ್ಲ. ಆದರೆ ಆ ದಿನ ನೀರು ಮತ್ತೆ 50 ಸಾವಿರದ ಮೇಲಿತ್ತು. ನಮ್ಮಲ್ಲಿ ಮೂವರು ಹಿಂದಿನ ದಿನವಷ್ಟೇ ಪ್ಯಾಡಲ್ ಹಿಡಿದವರು. ಕರೆದುಕೊಂಡು ಹೋದ ಕಂಪನಿಯವರು ಬಿಗ್ ಡ್ರಾಪ್ ಮುಂಚೆ ನಮ್ಮನ್ನು ದೊಡ್ಡ ದೋಣಿಗೆ ಹತ್ತಿಸಬೇಕಿತ್ತು. ಹತ್ತಿಸಲಿಲ್ಲ.

ಎರಡನೇ ಬಿಗ್ ಡ್ರಾಪ್‌ನಲ್ಲಿ ಅಡ್ಡ ಬಂದ ಅಲೆಯೊಂದು ಎಡಗಡೆಯನ್ನು ಎತ್ತಿತು. ಮುಂದೆ ಕೂತಿದ್ದ ಹುಡುಗಿಯ ಪ್ಯಾಡಲ್ ಗಾಳಿಯಲ್ಲಿ ಸುಮ್ನೆ ಬೀಸಿತು, ಅಲ್ಲಿ ನೀರೇ ಇರಲಿಲ್ಲ. ಮರುಕ್ಷಣ ನಾನು ನೀರೊಳಗೆ. ಕಣ್ಣು ಬಿಟ್ಟರೂ ಕತ್ತಲು, ಅಷ್ಟು ಕೆಸರು. ತಲೆಯ ಮೇಲೆ ಕೈಯಿಟ್ಟರೆ ರಬ್ಬರ್ ಸಿಕ್ಕಿತು, ದೋಣಿಯ ಅಡಿಯಲ್ಲಿದ್ದೆ. ಕೈಯಿಂದ ರಬ್ಬರನ್ನು ಸವರುತ್ತಾ ಒಂದೇ ದಿಕ್ಕಿಗೆ ಹೋಗು ಅಂತ ಮೊದಲ ದಿನ ಹೇಳಿಕೊಟ್ಟಿದ್ದರು, ಅದೊಂದು ನೆನಪಿತ್ತು, ಹಾಗೇ ಹೋಗಿ ಅಂಚು ಹಿಡಿದು ತಲೆ ಹೊರಗೆ ಹಾಕಿ ಉಸಿರು ಎಳೆದುಕೊಂಡೆ, ಅಷ್ಟರಲ್ಲಿ ಮೂರನೇ ಬಿಗ್ ಡ್ರಾಪ್‌ನ ಸದ್ದು ಕಿವಿಯ ಹತ್ತಿರವೇ ಇತ್ತು. ನೆರೆಯಲ್ಲಿ ಇವೆರಡರ ನಡುವೆ ಸುಧಾರಿಸಿಕೊಳ್ಳಲು ಹೊತ್ತೇ ಇರುವುದಿಲ್ಲ. ಮೂರನೆಯದನ್ನು ನಾನು ಲೈಫ್ ಜಾಕೆಟ್‌ನಲ್ಲೇ ಇಳಿದೆ. ಹೊರಗೆ ನಲವತ್ತರ ಹತ್ತಿರ ಬಿಸಿಲು, ನೀರು ಮಾತ್ರ ಹಿಮದ್ದು. ಕೆಳಗೆ ಕಾದಿದ್ದ ದೋಣಿಯವರು ಹಗ್ಗ ಎಸೆದಾಗ ಬೆರಳು ಮಡಚಲು ಆಗಲಿಲ್ಲ, ಮೊಣಕೈಗೆ ಸುತ್ತಿಕೊಂಡೆ. ಆರು ಜನರೂ ಬದುಕಿ ಬಂದೆವು. ಆ ಹುಡುಗಿ ಸಂಜೆಯವರೆಗೂ ಒಂದು ಮಾತೂ ಆಡಲಿಲ್ಲ.

ಮೂರನೆಯದು ಹುಟ್ಟಿನ ರಾಫ್ಟ್. ಗೆಳೆಯನೊಬ್ಬ ಇಲ್ಲಿನ ನ್ಯಾಷನಲ್ ಪಾರ್ಕ್‌ನವರಿಂದ ಪರ್ಮಿಟ್ ತೆಗೆದುಕೊಂಡು, ಸ್ವಂತ ದೋಣಿಯಲ್ಲಿ ಕರೆದುಕೊಂಡು ಹೋದ. 18 ಅಡಿಯ ರಾಫ್ಟ್, ಮೇಲೆ ಅಲ್ಯೂಮಿನಿಯಂ ಚೌಕಟ್ಟು, ಅದರ ಮೇಲೆ ಅವನು. ಸಾಮಾನು ಜಾಸ್ತಿ, ವೇಗ ಕಡಿಮೆ. ಪಾಟ್ಯಾಶ್‌ನಿಂದ ಸಂಗಮಕ್ಕೆ ಎರಡು ದಿನ ಹಿಡಿಯಿತು, ಆ ಎರಡು ದಿನವೇ ನನಗೆ ಪಾಠ. ನೀರಿಗಿಂತ ನಿಧಾನ ಹೋಗು ಅನ್ನುತ್ತಿದ್ದ ಅವನು. ಮುಖ ಕೆಳಗಿನ ನೀರಿನ ಕಡೆಗೇ ಇರಲಿ, ಅಪಾಯ ಎಲ್ಲಿದೆಯೋ ಅತ್ತ ಮೂತಿ ತಿರುಗಿಸು, ಹುಟ್ಟು ಎಳೆದು ಅದರಿಂದ ಹಿಂದೆ ಸರಿ. 1869ರಲ್ಲಿ ಒಂದು ತೋಳಿನ ಜಾನ್ ವೆಸ್ಲಿ ಪೊವೆಲ್ ತಂಡ ಈ ಕಣಿವೆಗೆ ಹೆಸರಿಟ್ಟು ಮರದ ದೋಣಿಗಳಲ್ಲಿ ಇಳಿದಾಗ ಹುಟ್ಟು ಹಾಕುವವರು ರ‍್ಯಾಪಿಡ್‌ಗೆ ಬೆನ್ನು ಹಾಕಿ ಕೂತಿದ್ದರು. ಮುಂದೇನಿದೆ ಅಂತ ಅವರಿಗೆ ಕಾಣುತ್ತಲೇ ಇರಲಿಲ್ಲ. 1890ರ ದಶಕದಲ್ಲಿ ನೇಥನಿಯಲ್ ಗ್ಯಾಲೊವೆ ಅನ್ನುವ ಬೇಟೆಗಾರ ತಿರುಗಿ ಕೂತ. ಅಷ್ಟು ಸಣ್ಣ ಬದಲಾವಣೆ, ಇವತ್ತಿಗೂ ಎಲ್ಲರೂ ಹುಟ್ಟು ಹಾಕುವುದು ಅವನ ಹಾಗೆಯೇ.

ರ‍್ಯಾಪಿಡ್‌ಗಳಿಗಿಂತ ಸ್ವಲ್ಪ ಮೇಲಿರುವ ಸ್ಪ್ಯಾನಿಶ್ ಬಾಟಮ್‌ನಲ್ಲಿ ರಾತ್ರಿ ತಂಗಿದೆವು. ಬಕೆಟ್‌ನಲ್ಲಿ ಹೊಳೆ ನೀರು ತುಂಬಿ ಪಟಿಕ ಹಾಕಿ ಇಟ್ಟ ಗೆಳೆಯ. ಮಳೆಗಾಲದಲ್ಲಿ ನಾಲೆ ನೀರು ಕೆಂಪಾದಾಗ ನಮ್ಮಮ್ಮ ಕೊಡದೊಳಗೆ ಪಟಿಕ ಆಡಿಸುತ್ತಿದ್ದುದು ನೆನಪಾಗಿ ಕಣ್ಣು ತುಂಬಿತು. ಬೆಳಗ್ಗೆ ನೋಡಿದರೆ ಬಕೆಟ್‌ನ ತಳದಲ್ಲಿ ಎರಡು ಬೆರಳು ಮಣ್ಣು, ಮೇಲೆ ತಿಳಿ ನೀರು. ಅದನ್ನು ಸೋಸಿ ಕಾಯಿಸಿ ಕಾಫಿ ಮಾಡಿದೆವು. ರಾತ್ರಿಯಿಡೀ ಕೆಳಗಿನಿಂದ ಮೊರೆತ ಕೇಳುತ್ತಿತ್ತು, ಮೋಟರ್ ದೋಣಿಯಲ್ಲಿ ನನಗೆ ತಪ್ಪಿಹೋಗಿದ್ದ ಅದೇ ಸದ್ದು.

ನೀರು ಆ ಸಲ 40 ಸಾವಿರದ ಆಸುಪಾಸು. ಮೊದಲ ರ‍್ಯಾಪಿಡ್ ಬ್ರೌನ್ ಬೆಟ್ಟಿಯಲ್ಲಿ ಹುಟ್ಟು ನನ್ನ ಕೈಗೆ ಕೊಟ್ಟ. ಬಿಗ್ ಡ್ರಾಪ್ ಮುಂಚೆ ದಡಕ್ಕೆ ಕಟ್ಟಿ ಬಂಡೆ ಹತ್ತಿ ಮುಕ್ಕಾಲು ಗಂಟೆ ನಿಂತು ನೋಡಿದೆವು. ನೆರೆಯಲ್ಲಿ ತೇಲಿಬಂದ ಮರದ ದಿಮ್ಮಿಗಳು ಒಂದೊಂದಾಗಿ ಇಳಿಯುತ್ತಿದ್ದವು. ಒಂದು ದಿಮ್ಮಿ ಲಿಟಲ್ ನಯಾಗರಾ ಒಳಗೆ ಹೋಯಿತು, ನಾವು ಎಣಿಸುತ್ತಾ ನಿಂತೆವು, ನಲವತ್ತಾದರೂ ಬರಲಿಲ್ಲ, ಆಮೇಲೆ ಎಲ್ಲೋ ಕೆಳಗೆ ನೆಟ್ಟಗೆ ನಿಂತು ಮೇಲೆದ್ದಿತು. ಎರಡನೇ ದಿಮ್ಮಿ ಬಲಕ್ಕೆ ಸರಿದು ನಯವಾದ ನಾಲಿಗೆಯಂಥ ನೀರಿನ ಮೇಲೆ ಜಾರಿ ದಾಟಿತು. "ನೋಡ್ದಾ, ಅದೇ ನಮ್ಮ ದಾರಿ" ಅಂದ. ಬಿಗ್ ಡ್ರಾಪ್ ಮೂರರಲ್ಲೂ ಹುಟ್ಟು ಅವನದೇ. ನನ್ನ ಕೆಲಸ ಒಂದೇ, ದೋಣಿಯ ಯಾವ ಕಡೆ ಮೇಲೇಳುತ್ತದೋ ಅತ್ತ ಹಾರಿ ಮೈಭಾರ ಹಾಕುವುದು. ಮೂರನೆಯದರಲ್ಲಿ ಅವನು "ಹೈಸೈಡ್!" ಅಂತ ಕೂಗಿದಾಗ ಹಾರಿದೆ, ಎದೆ ರಬ್ಬರಿಗೆ ಬಡಿದು ಉಸಿರು ನಿಂತಂತಾಯಿತು, ದೋಣಿ ಒಂದು ಗಳಿಗೆ ಯೋಚಿಸಿದ ಹಾಗೆ ನಿಂತು ಮತ್ತೆ ಕೆಳಗೆ ಕೂತಿತು.

ಡೋರಿ ಅನ್ನುವ, ಹುಟ್ಟು ಹಾಕುವ ಮರದ ದೋಣಿಯಲ್ಲಿ ನಾನು ಹೋಗಿಲ್ಲ, ಹಾಗಾಗಿ ಹೋಲಿಕೆಗೆ ತರುವುದಿಲ್ಲ. ಆದರೆ 1983ರ ಅದೇ ನೆರೆಯಲ್ಲಿ ಕೆಂಟನ್ ಗ್ರುವಾ, ರೂಡಿ ಪೆಟ್ಶೆಕ್, ಸ್ಟೀವ್ ರೆನಾಲ್ಡ್ಸ್ ಅನ್ನುವ ಮೂವರು ಎಮರಾಲ್ಡ್ ಮೈಲ್ ಹೆಸರಿನ ಡೋರಿಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ನಿನ 277 ಮೈಲಿಯನ್ನು 36 ಗಂಟೆ 38 ನಿಮಿಷದಲ್ಲಿ ಇಳಿದರು. ಅವರೂ ಕ್ರಿಸ್ಟಲ್‌ನಲ್ಲಿ ಮಗುಚಿದರು, ದೋಣಿಯನ್ನು ತಿರುಗಿಸಿ ಮತ್ತೆ ಹತ್ತಿ ಹೋದರು. ಮಗುಚಿದ ಮೇಲೆ ಮತ್ತೆ ಹುಟ್ಟು ಹಿಡಿಯುವುದು ಅಂದರೇನು ಅಂತ ನನಗೆ ಈಗ ಸ್ವಲ್ಪ ಗೊತ್ತು. ಅವರ ಮೇಲೆ ನನಗಿರುವ ಗೌರವ ಅದಕ್ಕೇ.

ಈಗ ಕೇಳಿದವರಿಗೆ ನೇರ ಉತ್ತರ. ಸಿಸ್ಕೋ ಅನ್ನುವ ಊರಿನ ಹತ್ತಿರ ಕೊಲರಾಡೋ ನದಿಯ ನೀರು ಅಳೆಯುವ ಮಾಪಕವಿದೆ, ಗ್ರೀನ್ ರಿವರ್ ಊರಿನಲ್ಲಿ ಗ್ರೀನ್ ನದಿಯದಿದೆ. ಎರಡನ್ನೂ ಕೂಡಿಸಿದರೆ ಕ್ಯಾಟರಾಕ್ಟ್‌ನ ನೀರು ಹೆಚ್ಚುಕಡಿಮೆ ಸಿಗುತ್ತದೆ. ಮೊತ್ತ 50 ಸಾವಿರ ದಾಟಿದ್ದರೆ, ಮೊದಲ ಸಲ ಹೋಗುವವರು, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಮೋಟರ್ ದೋಣಿಯನ್ನೇ ಹತ್ತಿ. ಪ್ಯಾಡಲ್ ರಾಫ್ಟ್ ಬೇಕೇ ಬೇಕು ಅಂದರೆ ಜುಲೈ ಕೊನೆಗೆ, ನೀರು ಇಳಿದ ಮೇಲೆ ಹೋಗಿ. ಆಗ ಅದರಷ್ಟು ಒಳ್ಳೆ ದೋಣಿ ಇನ್ನೊಂದಿಲ್ಲ. ನೆರೆಯಲ್ಲಿ ಪ್ಯಾಡಲ್ ಕೊಡುತ್ತೇವೆ ಅಂತ ಯಾರಾದರೂ ಅಂದರೆ, ಬಿಗ್ ಡ್ರಾಪ್‌ನಲ್ಲಿ ನಮ್ಮನ್ನು ಯಾವ ದೋಣಿಯಲ್ಲಿ ಕೂರಿಸುತ್ತೀರಿ ಅಂತ ದುಡ್ಡು ಕಟ್ಟುವ ಮುಂಚೆಯೇ ಕೇಳಿ.

ನನ್ನ ಮಟ್ಟಿಗೆ ಹುಟ್ಟಿನ ರಾಫ್ಟೇ. ಹತ್ತು ವರ್ಷ ಇದೇ ನೀರಿನಲ್ಲಿ ಕೈ ಪಳಗಿದವರು ಸಿಕ್ಕರೆ ಮಾತ್ರ, ಇಲ್ಲದಿದ್ದರೆ ಬೇಡ. ಈ ಮೇ ಕೊನೆಗೆ ಎರಡು ಮಾಪಕ ಕೂಡಿಸಿ 40 ಸಾವಿರ ತೋರಿಸಿದ ದಿನ ಗೆಳೆಯನಿಗೆ ಫೋನ್ ಮಾಡುತ್ತೇನೆ. ಎರಡನೇ, ಮೂರನೇ ಬಿಗ್ ಡ್ರಾಪ್ ಅವನ ಕೈಯಲ್ಲೇ ಇರಲಿ. ಮೊದಲನೆಯದನ್ನು ನನಗೆ ಕೊಡು ಅಂತ ಈ ಸಲ ಕೇಳಬೇಕು.