ವಾಟರ್ ಪ್ಯೂರಿಫೈಯರ್ ರಿಪೇರಿಗೆ ಬಂದವನು ನಮ್ಮ ಮನೆಯಿಂದ ಒಯ್ದದ್ದು

ನಮ್ಮ ಮನೆಯ ಆರ್‌ಒ ಯಂತ್ರಕ್ಕೆ ಇದ್ದ ತೊಂದರೆ ಒಂದೇ. ಮೊದಲು ಒಂದು ಗಂಟೆಯಲ್ಲಿ ತುಂಬುತ್ತಿದ್ದ ಅದರ ಟ್ಯಾಂಕ್, ಈಚೆಗೆ ಮೂರು ಗಂಟೆಯಾದರೂ ತುಂಬುತ್ತಿರಲಿಲ್ಲ. ಕೆಸರು ಕಟ್ಟಿಕೊಂಡ ಸೆಡಿಮೆಂಟ್ ಫಿಲ್ಟರ್ ಇದಕ್ಕೆ ಕಾರಣವಾಗಿತ್ತೆಂಬುದು ನನಗೆ ಈಗ ಗೊತ್ತಿದೆ. ಆದರೆ ಅದು ಗೊತ್ತಾಗುವಷ್ಟರಲ್ಲಿ ನಾನು ಚೆನ್ನಾಗಿಯೇ ಇದ್ದ ಮೆಂಬ್ರೇನ್ (ನೀರಿನಲ್ಲಿ ಕರಗಿದ ಲವಣಗಳನ್ನು ತಡೆಯುವ ಪೊರೆ) ಮತ್ತು ಪಂಪನ್ನು ಕಳೆದುಕೊಂಡು, ಬೇರೆ ಯಾರದೋ ಮನೆಯಿಂದ ಬಿಚ್ಚಿ ತಂದ ಹಳೆಯ ಭಾಗಗಳನ್ನು ಹೊಸದರ ಬೆಲೆ ಕೊಟ್ಟು ಹಾಕಿಸಿಕೊಂಡಿದ್ದೆ. ಇದೇ ಕೆಲಸಕ್ಕೆ ಯಾರನ್ನಾದರೂ ಕರೆಸುವ ಯೋಚನೆಯಲ್ಲಿರುವವರಿಗೆ ಉಪಯೋಗವಾಗಲೆಂದು, ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಮೊದಲ ತಪ್ಪು ನನ್ನದೇ. ಯಂತ್ರದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಕಂಪನಿಯ ಸರ್ವಿಸ್ ಸಂಖ್ಯೆ ಅಚ್ಚಾಗಿದ್ದರೂ, ಅದನ್ನು ಬಗ್ಗಿ ನೋಡುವ ಸೋಮಾರಿತನದಿಂದ ಮೊಬೈಲಿನಲ್ಲಿ ಹುಡುಕಿ, ಎಲ್ಲಕ್ಕಿಂತ ಮೇಲೆ ಕಂಡ ಸಂಖ್ಯೆಗೆ ಕರೆ ಮಾಡಿದೆ. ಅಲ್ಲಿ ಕಂಪನಿಯ ಹೆಸರೂ ಇತ್ತು, ಚಿಹ್ನೆಯೂ ಇತ್ತು. ಹಣ ಕೊಟ್ಟರೆ ಯಾರು ಬೇಕಾದರೂ ಆ ಜಾಗದಲ್ಲಿ ಜಾಹೀರಾತು ಹಾಕಬಹುದು ಎಂಬುದು ನನಗೆ ತಿಳಿಯದ ವಿಷಯವೇನಲ್ಲ, ಆ ಹೊತ್ತಿಗೆ ಹೊಳೆಯಲಿಲ್ಲ ಅಷ್ಟೇ. ಕರೆ ಸ್ವೀಕರಿಸಿದವರು ಯಂತ್ರದ ಸೀರಿಯಲ್ ನಂಬರ್ ಕೇಳಲಿಲ್ಲ, ಕೊಂಡ ವರ್ಷ ಕೇಳಲಿಲ್ಲ, ದೂರಿನ ಸಂಖ್ಯೆಯನ್ನೂ ಕೊಡಲಿಲ್ಲ, ವಿಳಾಸವನ್ನಷ್ಟೇ ಬರೆದುಕೊಂಡರು. ಒಂದು ಗಂಟೆಯೊಳಗೆ ಕಂಪನಿಯ ಹೆಸರಿದ್ದ ಅಂಗಿ ತೊಟ್ಟ ವ್ಯಕ್ತಿ ಬಾಗಿಲಲ್ಲಿ ನಿಂತಿದ್ದ. ಇಷ್ಟು ಬೇಗ ಬಂದನಲ್ಲ ಎಂದು ಸಂತೋಷಪಟ್ಟೆನೇ ಹೊರತು ಅನುಮಾನಪಡಲಿಲ್ಲ.

ಏನು ತೊಂದರೆ ಎಂದು ಆತ ಕೇಳಲೇ ಇಲ್ಲ. ಮೆಂಬ್ರೇನಿನಿಂದ ಹೊರಬರುವ ಸಣ್ಣ ಕೊಳವೆಯನ್ನು ಬಿಚ್ಚಿ, ಯಂತ್ರ ಚಾಲೂ ಮಾಡಿ, ಮೊದಲು ಬಂದ ಅರ್ಧ ಲೋಟ ನೀರಿಗೆ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, ತೋರಿಸುವ ಮೀಟರ್ ಅದ್ದಿ, "ನೋಡಿ ಮೇಡಂ, 210 ಬಂತು. ಮೆಂಬ್ರೇನ್ ಪೂರ್ತಿ ಹೋಗಿದೆ" ಎಂದ. ಅಂಕಿ ಸುಳ್ಳಲ್ಲ, ಆದರೆ ಆತ ಅದನ್ನು ಹಿಡಿದ ಹೊತ್ತಿನಲ್ಲಿ ಮೋಸವಿತ್ತು. ಆರ್‌ಒ ಯಂತ್ರ ರಾತ್ರಿಯಿಡೀ ಸುಮ್ಮನಿದ್ದಾಗ ಮೆಂಬ್ರೇನಿನ ಒಂದು ಬದಿಯಲ್ಲಿ ನಿಂತ ಉಪ್ಪಿನಂಶ ನಿಧಾನವಾಗಿ ಇನ್ನೊಂದು ಬದಿಗೆ ಜಿನುಗಿರುತ್ತದೆ, ಹಾಗಾಗಿ ಎಷ್ಟೇ ಒಳ್ಳೆಯ ಮೆಂಬ್ರೇನ್ ಆದರೂ ಮೊದಲ ನೀರಿನ ಟಿಡಿಎಸ್ ಹೆಚ್ಚೇ ಇರುತ್ತದೆ. ಹತ್ತು ನಿಮಿಷ ನೀರು ಹರಿಯಲು ಬಿಟ್ಟು ಅಳೆದಿದ್ದರೆ ಬೇರೆಯದೇ ಅಂಕಿ ಬರುತ್ತಿತ್ತು. ಇದನ್ನು ಬಲ್ಲವನಾದ್ದರಿಂದಲೇ ಆತ ಹತ್ತು ನಿಮಿಷ ಕಾಯಲಿಲ್ಲ.

ಬಳಿಕ ನಡೆದದ್ದು ಆಟದ ಮುಖ್ಯ ಭಾಗ. ಎರಡು ಜೊತೆ ಲೋಹದ ಕಡ್ಡಿಗಳಿದ್ದ ಪೆಟ್ಟಿಗೆಯೊಂದನ್ನು ಚೀಲದಿಂದ ತೆಗೆದು, ಒಂದು ಲೋಟದಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ನಮ್ಮ ಯಂತ್ರದ ಅದೇ ಮೊದಲ ನೀರನ್ನು ಹಿಡಿದು, ಕಡ್ಡಿಗಳನ್ನು ಇಳಿಸಿ ಕರೆಂಟ್ ಕೊಟ್ಟ. ಅರ್ಧ ನಿಮಿಷದಲ್ಲಿ ನಲ್ಲಿಯ ನೀರು ಹಸಿರು ಮಿಶ್ರಿತ ಕಪ್ಪಾಗಿ, ಮೇಲೆ ಕಂದು ಬಣ್ಣದ ಕೆನೆ ಕಟ್ಟಿತು. ನಮ್ಮ ಯಂತ್ರದ ನೀರೂ ಮಾಸಲು ಹಳದಿಗೆ ತಿರುಗಿತು. "ನಿಮ್ಮ ಮಕ್ಕಳು ದಿನಾ ಕುಡಿಯುತ್ತಿರುವುದು ಇದನ್ನೇ" ಎಂದು ಆತ ಹೇಳಿದಾಗ, ನಿಜವಾಗಿಯೂ ಹೊಟ್ಟೆ ತೊಳಸಿದಂತಾಯಿತು. ಆ ಗಳಿಗೆಯಿಂದ ಆತ ಹೇಳಿದ್ದಕ್ಕೆಲ್ಲ ನಾನು ತಲೆಯಾಡಿಸಿದೆ.

ಈ ಪ್ರಯೋಗದ ಗುಟ್ಟನ್ನು ಆಮೇಲೆ ಅದೇ ಬಗೆಯ ಪೆಟ್ಟಿಗೆಯೊಂದನ್ನು ತರಿಸಿ ನಾನೇ ಪರೀಕ್ಷಿಸಿ ನೋಡಿದೆ. ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು, ಮತ್ತೊಂದು ಅಲ್ಯೂಮಿನಿಯಂನದ್ದು. ವಿದ್ಯುತ್ ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ, ನೀರಿನೊಂದಿಗೆ ಸೇರಿ ಕಬ್ಬಿಣದ ಹೈಡ್ರಾಕ್ಸೈಡ್ ಆಗಿ, ಮೊದಲು ಹಸಿರಾಗಿ ಅನಂತರ ಗಾಳಿ ತಗುಲಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ನಮಗೆ ಕಾಣುವ ಕೊಳೆಯೆಲ್ಲ ಕಡ್ಡಿಯಿಂದ ಬಂದದ್ದು. ನೀರಿನಲ್ಲಿ ಲವಣಾಂಶ ಹೆಚ್ಚಿದ್ದಷ್ಟೂ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಕಡ್ಡಿ ಬೇಗ ಕರಗುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಬಹಳ ಹೊತ್ತು ಬಿಟ್ಟರೂ ಹೆಚ್ಚೇನೂ ಆಗಲಿಲ್ಲ. ಅದೇ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದ ಕೂಡಲೇ ಅದು ಚರಂಡಿಯ ನೀರಿನ ಬಣ್ಣಕ್ಕೆ ತಿರುಗಿತು. ಒಂದು ಚಿಟಿಕೆ ಉಪ್ಪು ವಿಷವಲ್ಲ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಈ ಪೆಟ್ಟಿಗೆಯನ್ನು ಚೀಲದಿಂದ ತೆಗೆದವರನ್ನು ಅಲ್ಲಿಗೇ ನಿಲ್ಲಿಸಿ ಕಳುಹಿಸಬಹುದೆಂದು ನಾನು ಹೇಳುವುದು ಈ ಕಾರಣಕ್ಕೆ. ಯಂತ್ರದ ದೋಷವನ್ನು ಪತ್ತೆಹಚ್ಚಲು ಆ ಪೆಟ್ಟಿಗೆಯಿಂದ ಯಾವ ಉಪಯೋಗವೂ ಇಲ್ಲ.

ಹೆದರಿದವರಿಗೆ ತೋರಿಸಲು ಆತನ ಬಳಿ ಇನ್ನೂ ಒಂದು ವಸ್ತುವಿತ್ತು. ಸೆಡಿಮೆಂಟ್ ಫಿಲ್ಟರನ್ನು ಬಿಚ್ಚಿ, ಬಿಳಿಯದಾಗಿರಬೇಕಾದ ಅದು ಕಂದು ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿ, ಒಳಗಿನ ಮೆಂಬ್ರೇನ್ ಇದಕ್ಕಿಂತ ಕೆಟ್ಟಿರುತ್ತದೆ ಎಂದ. ಮಣ್ಣು, ಮರಳು, ತುಕ್ಕುಗಳನ್ನು ಮೆಂಬ್ರೇನಿನವರೆಗೆ ಹೋಗಗೊಡದಿರುವುದೇ ಈ ಫಿಲ್ಟರಿನ ಕೆಲಸವಾಗಿರುವುದರಿಂದ, ಅದು ಕಂದಾಗಿದೆ ಎಂದರೆ ತನ್ನ ಕೆಲಸವನ್ನು ಮಾಡಿದೆ ಎಂದೇ ಅರ್ಥ. ಅದನ್ನು ಬದಲಾಯಿಸಬೇಕು, ನಿಜ. ಆದರೆ ಅದರ ಬಣ್ಣ ಮೆಂಬ್ರೇನಿನ ಗತಿಯನ್ನು ಹೇಳುವುದಿಲ್ಲ. ಅದರ ಮುಂದಿನ ಕಾರ್ಬನ್ ಫಿಲ್ಟರಿನ ವಿಷಯ ಬೇರೆ. ನೀರಿನಲ್ಲಿರುವ ಕ್ಲೋರಿನನ್ನು ಅದು ಹಿಡಿದಿಡದಿದ್ದರೆ ಪಾಲಿಅಮೈಡ್‌ನಿಂದ ಮಾಡಿದ ಮೆಂಬ್ರೇನ್ ನಿಜವಾಗಿಯೂ ಹಾಳಾಗುತ್ತದೆ. ಆ ಕಾರ್ಬನ್ ಫಿಲ್ಟರನ್ನು ಆತ ಮುಟ್ಟಲೂ ಇಲ್ಲ, ಏಕೆಂದರೆ ಅದು ಅಗ್ಗದ ಭಾಗ.

ಪಂಪಿನ ಒತ್ತಡ ಕಡಿಮೆಯಾಗಿದೆ, ಅದನ್ನೂ ಬದಲಾಯಿಸದಿದ್ದರೆ ಹೊಸ ಮೆಂಬ್ರೇನ್ ಆರು ತಿಂಗಳೂ ಬಾಳುವುದಿಲ್ಲ ಎಂದ. ಒಪ್ಪಿದೆ. ಹಳೆಯ ಬಟ್ಟೆ ಕೊಡಿ, ಒಂದು ಬಕೆಟ್ ಕೊಡಿ, ಮೇಲಿನ ಟ್ಯಾಂಕಿನ ವಾಲ್ವ್ ಪೂರ್ತಿ ತೆರೆದಿದೆಯೇ ನೋಡಿ ಬನ್ನಿ ಎಂದು ಮೂರು ಬಾರಿ ನನ್ನನ್ನು ಅಲ್ಲಿಂದ ಏಳಿಸಿದ. ಮೂರನೆಯ ಬಾರಿ ಹಿಂದಿರುಗುವಾಗ ಯಂತ್ರದ ಮುಚ್ಚಳ ಹಾಕಿಯಾಗಿತ್ತು. ಹಳೆಯ ಭಾಗಗಳನ್ನು ಕಂಪನಿಗೆ ಹಿಂದಿರುಗಿಸಬೇಕೆಂದು ಹೇಳಿ ಚೀಲಕ್ಕೆ ಹಾಕಿಕೊಂಡಿದ್ದ. ಮೊಹರಿಲ್ಲದ, ಸೀರಿಯಲ್ ನಂಬರ್ ಇಲ್ಲದ, "ಪಾರ್ಟ್ಸ್ ಬದಲಾವಣೆ" ಎಂದಷ್ಟೇ ಬರೆದ ಚೀಟಿಯೊಂದನ್ನು ಕೊಟ್ಟು, ಒಂದು ವರ್ಷದ ಸರ್ವಿಸ್ ಒಪ್ಪಂದದ ಹಣವನ್ನೂ ಸೇರಿಸಿ ತನ್ನ ಸ್ವಂತ ಖಾತೆಗೆ ಹಾಕಿಸಿಕೊಂಡು ಹೊರಟುಹೋದ.

ಎರಡು ವಾರಗಳಲ್ಲಿ ನೀರಿನ ರುಚಿ ಕೆಟ್ಟಿತು, ಟ್ಯಾಂಕ್ ತುಂಬುವುದು ಮತ್ತೆ ತಡವಾಯಿತು. ಆತನ ಮೊಬೈಲ್ ಸ್ವಿಚ್ ಆಫ್ ಆಗಿತ್ತು. ಕೊನೆಗೂ ಯಂತ್ರದ ಬೆನ್ನಿನ ಚೀಟಿ ನೋಡಿ ಕರೆ ಮಾಡಿದೆ. ನಮ್ಮ ಮನೆಗೆ ಯಾರನ್ನೂ ಕಳುಹಿಸಿದ ದಾಖಲೆಯೇ ತಮ್ಮಲ್ಲಿ ಇಲ್ಲವೆಂದು ಅವರು ಹೇಳಿದಾಗ, ಕುಳಿತಲ್ಲೇ ಕುಸಿದಂತಾಯಿತು.

ಮರುದಿನ ಬಂದ ಕಂಪನಿಯ ತಂತ್ರಜ್ಞರು ಮೆಂಬ್ರೇನನ್ನು ಹೊರತೆಗೆದು ನನ್ನ ಕೈಗೇ ಕೊಟ್ಟರು. ಅದರ ಮೇಲೆ ಲೇಬಲ್ ಇರಲಿಲ್ಲ. ತುದಿಗಳು ಕಂದಾಗಿದ್ದವು, ಮೈಗೆ ಪಾರದರ್ಶಕ ಟೇಪನ್ನು ಹೊಸದಾಗಿ ಸುತ್ತಲಾಗಿತ್ತು. ಶುದ್ಧ ನೀರು ಹೊರಡುವ ತುದಿಯಲ್ಲಿ ಎರಡು ಸಣ್ಣ ರಬ್ಬರ್ ಉಂಗುರಗಳು ಇರಬೇಕಾಗಿದ್ದಲ್ಲಿ ಒಂದೇ ಇತ್ತು, ಅದೂ ಹರಿದಿತ್ತು. ಆ ಸಂದಿನಿಂದ ಶುದ್ಧವಾಗದ ನೀರು ನೇರವಾಗಿ ಶುದ್ಧ ನೀರಿಗೆ ಬೆರೆಯುತ್ತಿತ್ತು. ಬಳಸಿ ಎಸೆದ ಮೆಂಬ್ರೇನುಗಳನ್ನು ಆಮ್ಲದಲ್ಲಿ ತೊಳೆದು, ಟೇಪು ಸುತ್ತಿ, ಹೊಸದೆಂದು ಹಾಕುವುದು ಈ ವ್ಯವಹಾರದಲ್ಲಿ ನಡೆಯುತ್ತದೆಂದು ಅವರು ವಿವರಿಸಿದರು. ಪಂಪ್ ನಮ್ಮ ಯಂತ್ರದ್ದಲ್ಲ, ಅದಕ್ಕಿಂತ ಹಳೆಯದು. ಇನ್ನು ಆ ಸೆಡಿಮೆಂಟ್ ಫಿಲ್ಟರ್, ನನ್ನನ್ನು ಹೆದರಿಸಲು ಎತ್ತಿ ತೋರಿಸಿದ್ದನಲ್ಲ, ಅದನ್ನೇ ತೊಳೆದು ಮತ್ತೆ ಅಲ್ಲೇ ಕೂರಿಸಿದ್ದ! ಇಡೀ ಯಂತ್ರದಲ್ಲಿ ಬದಲಾಯಿಸಬೇಕಾಗಿದ್ದ ಭಾಗ ಅದೊಂದೇ ಆಗಿತ್ತು.

ನನಗೆ ಇದಕ್ಕಿಂತಲೂ ನಾಚಿಕೆ ತಂದ ಸಂಗತಿ ಬೇರೆಯಿದೆ. ನಾಲ್ಕು ತಿಂಗಳ ಹಿಂದಿನ ಸರ್ವಿಸ್ ಚೀಟಿ ಮೇಜಿನ ಖಾನೆಯಲ್ಲಿಯೇ ಇತ್ತು. ಅದರಲ್ಲಿ ಒಳಬರುವ ನೀರಿನ ಟಿಡಿಎಸ್ 610, ಹೊರಬರುವ ಶುದ್ಧ ನೀರಿನದು 52, ಸೆಡಿಮೆಂಟ್ ಫಿಲ್ಟರನ್ನು ಮುಂದಿನ ಬಾರಿ ಬದಲಾಯಿಸಬೇಕು ಎಂದು ಬರೆದಿತ್ತು. 610ರಲ್ಲಿ 558ನ್ನು ತಡೆಯುತ್ತಿದ್ದ ಮೆಂಬ್ರೇನ್ ಎಂದರೆ ನೂರಕ್ಕೆ 91ಕ್ಕೂ ಹೆಚ್ಚು. ಅಂಥದ್ದು ನಾಲ್ಕೇ ತಿಂಗಳಲ್ಲಿ "ಪೂರ್ತಿ ಹೋಗುವುದು" ತೀರ ಅಪರೂಪ. ಒಳಬರುವ ನೀರಿನ ಅಂಕಿಯನ್ನು ಹೇಳದೆ ಹೊರಬರುವ ನೀರಿನ ಅಂಕಿಯನ್ನು ಮಾತ್ರ ಹೇಳುವವರ ಮಾತಿಗೆ ಬೆಲೆಯಿಲ್ಲ. ಎರಡರ ವ್ಯತ್ಯಾಸವನ್ನು ಒಳಬರುವ ಅಂಕಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮೆಂಬ್ರೇನಿನ ಸ್ಥಿತಿ ತಿಳಿಯುತ್ತದೆ. ಈಗ ನಾನು ತಿಂಗಳಿಗೊಮ್ಮೆ, ಯಂತ್ರ ಹತ್ತು ನಿಮಿಷ ಓಡಿದ ಮೇಲೆ, ಎರಡನ್ನೂ ಅಳೆದು ತಾರೀಖಿನೊಂದಿಗೆ ಬರೆದಿಡುತ್ತೇನೆ. ಟಿಡಿಎಸ್ ಮೀಟರ್ ದುಬಾರಿ ವಸ್ತುವಲ್ಲ. ಅಳೆಯುವ ಲೋಟಕ್ಕೆ ಬೇರೆಯವರ ಬೆರಳು ತಾಕದಂತೆ ನೋಡಿಕೊಂಡರೆ ಸಾಕು, ಏಕೆಂದರೆ ಬೆರಳಿಗೆ ಅಂಟಿದ ಸ್ವಲ್ಪ ಉಪ್ಪು ಅಂಕಿಯನ್ನು ಎಲ್ಲಿಗೋ ಏರಿಸಬಲ್ಲದು.

ಆದರೆ ಈ ಮೀಟರಿನ ಮಿತಿಯನ್ನೂ ತಿಳಿದಿರಬೇಕು. ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಕರಗಿದ ಲವಣಗಳ ಅಂದಾಜನ್ನು ತೋರಿಸುತ್ತದೆ. ರೋಗಾಣುಗಳು ಅದಕ್ಕೆ ಕಾಣುವುದಿಲ್ಲ, ಸೀಸವೋ ಆರ್ಸೆನಿಕ್ಕೋ ಇದೆಯೇ ಎಂಬುದನ್ನು ಅದು ಹೇಳಲಾರದು. ಒಂದು ಲೀಟರಿಗೆ 600 ಮಿಲಿಗ್ರಾಮಿಗಿಂತ ಕಡಿಮೆ ಟಿಡಿಎಸ್ ಇರುವ ನೀರು ಸಾಮಾನ್ಯವಾಗಿ ಕುಡಿಯಲು ರುಚಿಯಾಗಿರುತ್ತದೆ, 1000ವನ್ನು ದಾಟಿದರೆ ರುಚಿ ಕೆಡುತ್ತ ಹೋಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ರುಚಿಯ ಮಾತು. ಆರೋಗ್ಯದ ದೃಷ್ಟಿಯಿಂದ ಟಿಡಿಎಸ್‌ಗೆಂದು ಆ ಸಂಸ್ಥೆ ಯಾವ ಮಿತಿಯನ್ನೂ ನಿಗದಿ ಮಾಡಿಲ್ಲ. ಹೀಗಿರುವಾಗ 210 ಎಂಬ ಅಂಕಿಯನ್ನು ತೋರಿಸಿ ವಿಷವೆಂದು ಹೆದರಿಸಿದವನ ಧೈರ್ಯವನ್ನು ಮೆಚ್ಚಲೇಬೇಕು.

ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪಿನ ವಿಷಯವನ್ನೂ ಹೇಳಬೇಕು. ಅದನ್ನು ತಿರುಗಿಸಿದರೆ ಮೆಂಬ್ರೇನಿನ ಮೂಲಕ ಹಾದುಬರದ ಒಂದಿಷ್ಟು ನೀರು ಶುದ್ಧ ನೀರಿಗೆ ಬೆರೆಯುತ್ತದೆ. ಕೆಲವರು ಅಳೆಯುವ ಮೊದಲು ಅದನ್ನು ಗುಟ್ಟಾಗಿ ತೆರೆದು ಮೆಂಬ್ರೇನ್ ಕೆಟ್ಟಿದೆಯೆಂದು ತೋರಿಸುತ್ತಾರೆ, ಹಣ ಕೈಗೆ ಬಂದ ಮೇಲೆ ಮುಚ್ಚುತ್ತಾರೆ. ಮೂಲ ನೀರಿನಲ್ಲಿ ಫ್ಲೋರೈಡ್ ಅಥವಾ ಆರ್ಸೆನಿಕ್ ಇರುವ ಮನೆಗಳಲ್ಲಿ ಆ ತಿರುಪು ತೆರೆದೇ ಉಳಿದರೆ, ಯಾವುದನ್ನು ತೆಗೆಯಲು ಯಂತ್ರ ಕೊಂಡಿದ್ದೆವೋ ಅದೇ ಮತ್ತೆ ಲೋಟಕ್ಕೆ ಬಂದು ಬೀಳುತ್ತದೆ. ಆದ್ದರಿಂದ ತಿರುಪು ಎಲ್ಲಿದೆ, ಎಷ್ಟು ತಿರುಗಿದೆ ಎಂಬುದರ ಫೋಟೋ ತೆಗೆದಿಟ್ಟುಕೊಂಡಿದ್ದೇನೆ. ಮೆಂಬ್ರೇನಿನ ಲೇಬಲ್, ಪಂಪಿನ ಮೇಲಿನ ಸಂಖ್ಯೆ, ಅಡಾಪ್ಟರ್ ಇವುಗಳ ಫೋಟೋಗಳೂ ಇವೆ. ಒಂದೊಂದು ಭಾಗದ ಮೇಲೂ ಅಳಿಸದ ಪೆನ್ನಿನಿಂದ ನನ್ನ ಗುರುತು ಹಾಕಿದ್ದೇನೆ.

ಹೊಸ ಭಾಗ ಬಂದರೆ ಅದರ ಮೊಹರನ್ನು ನನ್ನೆದುರಿಗೇ ಒಡೆಯಬೇಕು, ಹಳೆಯದು ಮನೆಯಲ್ಲಿಯೇ ಉಳಿಯಬೇಕು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಹೇಳಿಬಿಡುತ್ತೇನೆ. ವಾರಂಟಿಯಲ್ಲಿ ಬದಲಾಯಿಸಿದ ಭಾಗವನ್ನು ಕಂಪನಿ ಹಿಂದಕ್ಕೆ ಕೇಳುವುದುಂಟು. ಹಣ ಕೊಟ್ಟು ಹೊಸದನ್ನು ಹಾಕಿಸಿಕೊಂಡಾಗ ಹಳೆಯದು ನನ್ನದೇ. ಕೆಟ್ಟ ಮೆಂಬ್ರೇನನ್ನು ಎಸೆಯುವ ಮುನ್ನ ಕತ್ತರಿಸುತ್ತೇನೆ, ಅದು ಟೇಪು ಸುತ್ತಿಕೊಂಡು ಇನ್ನೊಬ್ಬರ ಮನೆಗೆ ಹೋಗದಿರಲಿ ಎಂದು. ಕೆಲಸ ಮುಗಿಯುವವರೆಗೆ ಎದ್ದು ಹೋಗುವುದಿಲ್ಲ. ಬಟ್ಟೆ, ಬಕೆಟ್ಟುಗಳನ್ನು ಮೊದಲೇ ತಂದಿಟ್ಟಿರುತ್ತೇನೆ.

ಪ್ರಾಮಾಣಿಕವಾಗಿ ದುಡಿಯುವ ತಂತ್ರಜ್ಞರು ಬಹಳ ಮಂದಿ ಇದ್ದಾರೆ, ನನ್ನ ಯಂತ್ರವನ್ನು ಸರಿಪಡಿಸಿದವರೂ ಅಂಥವರೇ. ಬಂದು ನೋಡಿ "ಏನೂ ಬದಲಾಯಿಸುವುದು ಬೇಡ" ಎಂದು ಹೇಳಿ ಭೇಟಿಯ ಶುಲ್ಕವನ್ನಷ್ಟೇ ಕೇಳುವವರೊಂದಿಗೆ, ಏನೂ ಮಾಡದೆ ಹಣ ಕೇಳುತ್ತೀರಲ್ಲ ಎಂದು ನಾನೇ ಹಿಂದೆ ಜಗಳ ತೆಗೆದದ್ದುಂಟು. ಈಗ ಆ ಶುಲ್ಕವನ್ನು ಮರುಮಾತಿಲ್ಲದೆ ಕೊಡುತ್ತೇನೆ.

ಹೋದ ಹಣ ಬರಲಿಲ್ಲ. ದೂರು ಕೊಟ್ಟಿದ್ದೇನೆ, ಚೀಟಿಯಲ್ಲಿ ಹೆಸರು, ವಿಳಾಸ ಒಂದೂ ಇಲ್ಲದಿರುವುದರಿಂದ ಅದು ಮುಂದಕ್ಕೆ ಹೋದಂತಿಲ್ಲ. ಕಳೆದ ವಾರ ಬೇರೆ ಸಂಖ್ಯೆಯಿಂದ ಕರೆ ಬಂತು: "ಮೇಡಂ, ನಿಮ್ಮ ಪ್ಯೂರಿಫೈಯರಿನ ವಾರ್ಷಿಕ ಒಪ್ಪಂದ ಮುಗಿಯುತ್ತಿದೆ, ಇವತ್ತೇ ಉಚಿತ ತಪಾಸಣೆಗೆ ಹುಡುಗನನ್ನು ಕಳುಹಿಸಲೇ?" ಯಂತ್ರದ ಸೀರಿಯಲ್ ನಂಬರ್ ನಿಮ್ಮ ದಾಖಲೆಯಲ್ಲಿ ಇರಬೇಕಲ್ಲ, ಅದನ್ನು ಓದಿ ಹೇಳಿ ಎಂದೆ. ಅತ್ತಲಿಂದ ಕರೆ ಕಡಿದುಹೋಯಿತು.