ಹೆಸರಿರುವ ಪದಕ, ಜೊತೆಗೊಂದು ಹಳೆಯ ಪತ್ರ: ಈ ಜೋಡಿಯನ್ನು ಕೊಳ್ಳುವ ಮೊದಲು ಓದಿ

ಹಳೆಯ ಸಾಮಾನುಗಳ ಸಂತೆಯಲ್ಲಿ ಪದಕಗಳನ್ನೂ ಹಳೆಯ ನೋಟುಗಳನ್ನೂ ಹುಡುಕುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಒಬ್ಬನೇ ಮಾರಾಟಗಾರ ನನಗೆ ಪದಕದಲ್ಲೂ ಮೋಸ ಮಾಡಿದ್ದಾನೆ, ನೋಟಿನಲ್ಲೂ ಮೋಸ ಮಾಡಿದ್ದಾನೆ. ಆತ ಅದೇ ಜಾಗದಲ್ಲಿ ಅದೇ ಮಾತುಗಳನ್ನಾಡಿ ಇಂದಿಗೂ ವ್ಯಾಪಾರ ಮಾಡುತ್ತಿದ್ದಾನೆ ಎಂಬುದನ್ನು ನೆನೆದರೆ ಸಿಟ್ಟು ತಡೆಯಲಾಗುವುದಿಲ್ಲ.

ನಾನು ಕೊಂಡದ್ದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಬೆಳ್ಳಿಯದು, ಒಂದು ಬದಿಯಲ್ಲಿ ಐದನೆಯ ಜಾರ್ಜ್ ದೊರೆಯ ತಲೆ, ಇನ್ನೊಂದು ಬದಿಯಲ್ಲಿ ಕುದುರೆಯ ಮೇಲೆ ಸೇಂಟ್ ಜಾರ್ಜ್ ಮತ್ತು 1914, 1918 ಎಂಬ ಇಸವಿಗಳು. ಲಕ್ಷಗಟ್ಟಲೆ ಹಂಚಿಕೆಯಾದ ಈ ಪದಕ ತಾನಾಗಿ ಅಪರೂಪದ್ದಲ್ಲ. ಅಂಚಿನ ಮೇಲಿರುವ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ, ಇವುಗಳಿಂದಲೇ ಅದಕ್ಕೆ ಬೆಲೆ ಬರುತ್ತದೆ. ಆತ ಪದಕದ ಜೊತೆಗೆ ಅದೇ ಹೆಸರಿನ ಸೇನಾ ಬಿಡುಗಡೆ ಪತ್ರವನ್ನೂ ಇಟ್ಟು, "ಒಂದೇ ಮನೆಯಿಂದ ಬಂದದ್ದು ಸರ್, ಬೇರೆ ಬೇರೆ ಮಾಡಿ ಕೊಡುವುದಿಲ್ಲ" ಎಂದಿದ್ದ. ಪತ್ರದ ಕಾಗದ, ಮಡಿಕೆ, ಮಸಿ ಎಲ್ಲವೂ ಆ ಕಾಲದ್ದೇ. ಪದಕದ ಬೆಳ್ಳಿಯೂ ಆ ಕಾಲದ್ದೇ. ಎರಡರಲ್ಲೂ ಒಂದೇ ಸಂಖ್ಯೆ, ಒಂದೇ ಹೆಸರು. ಸಂತೆಯಲ್ಲಿ ನಿಂತು ಇದಕ್ಕಿಂತ ಹೆಚ್ಚಿನ ಸಾಕ್ಷ್ಯವನ್ನು ಯಾರು ಕೇಳುತ್ತಾರೆ?

ಮನೆಯಲ್ಲಿ ಭೂತಗನ್ನಡಿ ಹಿಡಿದು ಅಂಚನ್ನು ನೋಡಿದಾಗ ಎದೆ ಧಸಕ್ಕೆಂದಿತು. ಈ ಪದಕದ ಮೇಲೆ ಸೇನೆ ಹಾಕಿಸಿದ ಅಕ್ಷರಗಳು ಅಚ್ಚಿನಿಂದ ಒತ್ತಿದಂಥವು. ಒಂದೇ ಅಕ್ಷರ ಎರಡು ಕಡೆ ಬಂದರೆ ಎರಡೂ ಒಂದೇ ರೀತಿ ಇರುತ್ತವೆ. ನನ್ನ ಪದಕದ ಅಕ್ಷರಗಳು ಉಳಿಯಿಂದ ಕೆತ್ತಿದಂಥವು, ಒಂದರಂತೆ ಇನ್ನೊಂದಿಲ್ಲ. ಕ್ಯಾಲಿಪರ್ ಇಟ್ಟು ಅಳೆದೆ. 36 ಮಿಲಿಮೀಟರ್ ಅಗಲವಿರಬೇಕಾದ ಪದಕ ಯಾವ ಕಡೆಯಿಂದ ಅಳೆದರೂ ಅಷ್ಟು ಬರಲಿಲ್ಲ. ಒಂದು ಕಡೆ ಒಂದು ಅಳತೆ, ಇನ್ನೊಂದು ಕಡೆ ಇನ್ನೊಂದು. ಅಂದರೆ ಅಂಚನ್ನು ಅರದಿಂದ ಉಜ್ಜಿ, ಮೊದಲಿದ್ದ ಹೆಸರನ್ನು ಅಳಿಸಿ, ಪತ್ರದಲ್ಲಿದ್ದ ಹೆಸರನ್ನು ಅಲ್ಲಿ ಕೆತ್ತಿದ್ದಾರೆ. ಪತ್ರ ಅಸಲಿ, ಪದಕ ಅಸಲಿ, ಅವೆರಡರ ಸಂಬಂಧ ಮಾತ್ರ ಹುಸಿ. ಪತ್ರವನ್ನು ಪರೀಕ್ಷಿಸಿದರೂ ಬೆಳ್ಳಿಯನ್ನು ಪರೀಕ್ಷಿಸಿದರೂ ಸಿಕ್ಕಿಬೀಳದಂಥ ಮೋಸ ಇದು. ಯುದ್ಧಕ್ಕೆ ಹೋಗಿದ್ದ ಯಾರದೋ ಹೆಸರು ಆ ಬೆಳ್ಳಿಯ ಪುಡಿಯ ಜೊತೆ ಹೋಯಿತು, ಅದು ಯಾರದೆಂದು ಇನ್ನು ತಿಳಿಯುವಂತಿಲ್ಲ. ನನ್ನ ಹಣ ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಕಾಡುತ್ತಿದೆ.

ಫೋನ್ ಮಾಡಿದಾಗ ಆತನ ಮೊದಲ ಉತ್ತರ, "ಆ ಕಾಲದಲ್ಲಿ ಕೈಯಿಂದಲೇ ಕೆತ್ತುತ್ತಿದ್ದರು ಸರ್." ಅಳತೆ ಹೇಳಿದೆ. "ಹಾಗಾದರೆ ಆ ಸೈನಿಕನೇ ಇನ್ನೊಂದು ಪದಕ ಕೊಂಡು ತನ್ನ ಹೆಸರು ಹಾಕಿಸಿಕೊಂಡಿರಬೇಕು." ಪದಕ ಕಳೆದುಕೊಂಡು ಹಾಗೆ ಮಾಡಿಸಿಕೊಂಡವರು ಇದ್ದರು ನಿಜ, ಆದರೆ ಅಂಥದ್ದನ್ನು ಮರುಹೆಸರಿನ ಪದಕ ಎಂದು ಹೇಳಿಯೇ ಮಾರಬೇಕಲ್ಲವೇ? ಹಣ ವಾಪಸ್ ಕೇಳಿದಾಗ ಬಂದ ಕೊನೆಯ ಮಾತು ಇದು: "ಪದಕ ಬೆಳ್ಳಿಯದೇ ತಾನೇ? ನೀವೇ ಕೈಯಲ್ಲಿ ಹಿಡಿದು ನೋಡಿ ತೆಗೆದುಕೊಂಡಿದ್ದೀರಿ. ಮೋಸ ಎಲ್ಲಿ ಬಂತು?" ಎಲ್ಲಿ ಬಂತಂತೆ! ಆಮೇಲೆ ಆತ ಫೋನ್ ಎತ್ತಲಿಲ್ಲ.

ಅದಾದ ಮೇಲೆ ಆತನಿಂದಲೇ ಕೊಂಡಿದ್ದ ನೋಟುಗಳನ್ನೂ ತೆಗೆದು ನೋಡಿದೆ. 1923ರ ಜರ್ಮನ್ ಹಣದುಬ್ಬರದ ಕಾಲದ ನೋಟುಗಳು. ಯುಎನ್‌ಸಿ, ಯಾರ ಕೈಗೂ ಹೋಗದ್ದು ಎಂದು ಹೇಳಿ ಕೊಟ್ಟಿದ್ದ. ಯುವಿ ದೀಪದ ಕೆಳಗಿಟ್ಟರೆ ಕಾಗದ ನೀಲಿಯಾಗಿ ಹೊಳೆಯಿತು. ಆ ಕಾಲದ ಕಾಗದ ಹಾಗೆ ಹೊಳೆಯುವುದಿಲ್ಲ. ಬಟ್ಟೆ ಒಗೆಯುವ ಇಂದಿನ ಡಿಟರ್ಜೆಂಟ್‌ನಲ್ಲಿರುವ ಬಿಳುಪುಕಾರಕ ಹಾಗೆ ಹೊಳೆಯುತ್ತದೆ. ಓರೆ ಬೆಳಕಿನಲ್ಲಿ ನಡುವಿನ ಮಡಿಕೆಯ ಗೆರೆಯೂ ಕಂಡಿತು. ತೊಳೆದು, ಇಸ್ತ್ರಿ ಮಾಡಿ, ಹೊಸದೆಂದು ಮಾರಿದ್ದಾನೆ.

ಸಂತೆಗೆ ಹೋಗುವಾಗ ಭೂತಗನ್ನಡಿ, ಕ್ಯಾಲಿಪರ್, ಚಿಕ್ಕ ಯುವಿ ಟಾರ್ಚ್ ಮೂರನ್ನೂ ಇಟ್ಟುಕೊಂಡೇ ಹೋಗಿ. ಪದಕದ ಜೊತೆ ಪತ್ರ ಕೊಟ್ಟರೆ ಖುಷಿಪಡಬೇಡಿ, ಅಂಚನ್ನು ಅಳೆಯಿರಿ. ಹಣ ಕೊಡುವ ಮೊದಲು "ಹೆಸರು ಮೂಲದ್ದೇ" ಎಂದು ರಸೀದಿಯಲ್ಲಿ ಬರೆದುಕೊಡಲು ಕೇಳಿ. ನುಣುಚಿಕೊಳ್ಳುವವನಿಂದ ಎಷ್ಟೇ ಅಗ್ಗವಾಗಿ ಸಿಕ್ಕರೂ ಏನನ್ನೂ ಕೊಳ್ಳಬೇಡಿ.