ಮಿತಿಯೇ ಇಲ್ಲದ ಓಡಿ (ಓವರ್‌ಡ್ರಾಫ್ಟ್): ಪ್ಲಾನಿಂಗ್ ಸಾಫ್ಟ್‌ವೇರ್‌ನ ‘ವಾಟ್-ಇಫ್’ ನೋಡಿ ಸಾಲ ತೆಗೆಯುವವರಿಗೆ

ಸಣ್ಣ ಕಾರ್ಖಾನೆ ನಡೆಸುವವರು, ಅಲ್ಲಿ ಲೆಕ್ಕ ಬರೆಯುವವರು ಇದನ್ನು ಓದಿಯೇ ಮುಂದಿನ ಡೆಮೊಗೆ ಕೂರಿ. ಮುಂದಿನ ಹಣಕಾಸಿನ ಅಂದಾಜು ಹಾಕುವ ಪ್ಲಾನಿಂಗ್ ಸಾಫ್ಟ್‌ವೇರ್ ಮಾರಲು ಬರುವವರು ತೋರಿಸುವ ‘ವಾಟ್-ಇಫ್’ (ಹೀಗಾದರೆ ಏನಾಗುತ್ತದೆ) ಪರದೆ ನೋಡಲು ಬಹಳ ಚೆಂದ. ಮಾರಾಟದ ಗುಂಡಿ ಎಳೆದರೆ ಲಾಭದ ಗೆರೆ ಏರುತ್ತದೆ, ಬಡ್ಡಿಯ ಗುಂಡಿ ಎಳೆದರೆ ಸ್ವಲ್ಪ ಬಾಗುತ್ತದೆ. ಆ ಗೆರೆಯ ಕೆಳಗೆ ಯಾವ ಊಹೆ ಕೂತಿದೆ ಎಂದು ಯಾರೂ ಹೇಳುವುದಿಲ್ಲ. ನಮಗೂ ಹೇಳಲಿಲ್ಲ.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಪಂಪು, ವಾಲ್ವ್ ತಯಾರಿಸುವವರಿಗೆ ಕಾಸ್ಟಿಂಗ್ (ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದ ಭಾಗ) ಹಾಕಿಕೊಡುವುದು ನಮ್ಮ ಕಸುಬು. 2021ರ ಕೊನೆಗೆ ಇನ್ನೊಂದು ಇಂಡಕ್ಷನ್ ಫರ್ನೇಸ್ (ಕರೆಂಟಿನಿಂದ ಲೋಹ ಕರಗಿಸುವ ಕುಲುಮೆ) ಹಾಕುವ ಮಾತು ಬಂತು. ಕಂತಿನಲ್ಲಿ ತೀರಿಸುವ ಟರ್ಮ್ ಲೋನ್ ಬೇಕು, ಅದಕ್ಕೆ ಪ್ರಾಜೆಕ್ಷನ್ (ಮುಂದಿನ ವರ್ಷಗಳ ಅಂದಾಜು ಲೆಕ್ಕ) ಬೇಕು. ಆಗ ಒಂದು ಸಾಫ್ಟ್‌ವೇರ್ ಕಂಪನಿಯ ಕನ್ಸಲ್ಟಂಟ್ ಬಂದರು. ವರ್ಷದ ಚಂದಾ ಮುಂಗಡ, ಜೊತೆಗೆ ನಮ್ಮ ಲೆಕ್ಕವನ್ನೆಲ್ಲ ಅದರೊಳಗೆ ಕೂರಿಸುವ ಶುಲ್ಕ ಬೇರೆ. ಕಂಪನಿಯ ಹೆಸರು ಇಲ್ಲಿ ಬೇಡ, ಯಾಕೆಂದರೆ ಇದೇ ತೊಂದರೆ ಇರುವ ಸರಕು ಮಾರುವವರು ಅವರೊಬ್ಬರೇ ಅಲ್ಲ.

ಅವರು ತಯಾರಿಸಿದ್ದು ಮೂರು ಸಿನಾರಿಯೊ, ಅಂದರೆ ಮುಂದೆ ಹೀಗಾಗಬಹುದು ಎಂಬ ಊಹೆಯ ಲೆಕ್ಕ. ಉತ್ತಮ, ಸಾಧಾರಣ, ಕೆಟ್ಟದ್ದು. ಕೆಟ್ಟದ್ದು ಅಂದರೆ ಮಾರಾಟ ಶೇ 10 ಕಡಿಮೆ, ಅಷ್ಟೇ. ಉಳಿದದ್ದೆಲ್ಲ ಇದ್ದಲ್ಲೇ ಇತ್ತು: ಪಿಗ್ ಐರನ್ (ನಾವು ಕರಗಿಸುವ ಕಚ್ಚಾ ಕಬ್ಬಿಣ) ದರ, ಬಡ್ಡಿ, ಪಾರ್ಟಿಗಳು (ನಮ್ಮ ಮಾಲು ಕೊಳ್ಳುವವರು) ದುಡ್ಡು ಕೊಡುವ ದಿನ. ಮಾಲಕರು ಪರದೆ ನೋಡಿ, “ಕೆಟ್ಟದ್ದಂದ್ರೂ ಹಸಿರೇ ಐತಲ್ರೀ, ಮತ್ತೇನ್ ಬೇಕು?” ಅಂದರು. ಸಾಲಕ್ಕೆ ಅರ್ಜಿ ಹೋಯಿತು. 2022ರ ಫೆಬ್ರವರಿಯಲ್ಲಿ ಮಂಜೂರಾಯಿತು.

ಆ ಹಸಿರಿನ ಗುಟ್ಟು ಇಲ್ಲಿದೆ. ತಿಳಿಯಲು ಸುಲಭವಾಗಲೆಂದು ದುಂಡು ಅಂಕಿ ಕೊಡುತ್ತೇನೆ. ತಿಂಗಳಿಗೆ 1 ಕೋಟಿ ಮಾರಾಟ, ಪಾರ್ಟಿಗಳಿಂದ ವಸೂಲಿ 45 ದಿನಕ್ಕೆ. ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್, ದಿನದ ವ್ಯವಹಾರಕ್ಕೆ ಕೊಡುವ ಸಾಲ) ಲಿಮಿಟ್ 1.5 ಕೋಟಿ, ಅದರಲ್ಲಿ 1.1 ಕೋಟಿ ಆಗಲೇ ಬಳಕೆಯಲ್ಲಿದೆ. ಈಗ ವಸೂಲಿಯ ಗುಂಡಿಯನ್ನು 75 ದಿನಕ್ಕೆ ಎಳೆಯಿರಿ. ಒಂದು ತಿಂಗಳ ಮಾರಾಟ, ಅಂದರೆ 1 ಕೋಟಿ, ಪಾರ್ಟಿಗಳ ಬಳಿ ಸಿಕ್ಕಿಕೊಂಡಿತು. ಶೇ 10ರ ಬಡ್ಡಿಯಲ್ಲಿ ಅದರ ವೆಚ್ಚ ವರ್ಷಕ್ಕೆ 10 ಲಕ್ಷ, ತಿಂಗಳಿಗೆ 83 ಸಾವಿರ. ಹಾಗಾಗಿ ಪರದೆಯ ಮೇಲೆ ಲಾಭ ಕೊಂಚವೇ ಇಳಿಯುತ್ತದೆ, ಗೆರೆ ಹಸಿರಾಗಿಯೇ ಉಳಿಯುತ್ತದೆ.

ಆದರೆ ಆ 1 ಕೋಟಿ ಬಂದದ್ದೆಲ್ಲಿಂದ? ಬ್ಯಾಲೆನ್ಸ್ ಶೀಟಿನ ಪುಟದಲ್ಲಿ ಕೆಳಗೆ, ಯಾರೂ ಸ್ಕ್ರೋಲ್ ಮಾಡದ ಜಾಗದಲ್ಲಿ, ‘ಓಡಿ’, ಅಂದರೆ ಖಾತೆಯಲ್ಲಿ ಇಲ್ಲದ ದುಡ್ಡನ್ನು ಬ್ಯಾಂಕಿನಿಂದ ತೆಗೆಯುವ ಓವರ್‌ಡ್ರಾಫ್ಟ್, ಎಂಬ ಸಾಲು ಇತ್ತು. ಅಲ್ಲಿ 2.10 ಕೋಟಿ. ನಗದು ಎಷ್ಟು ಕಮ್ಮಿ ಬಿದ್ದರೂ ಸಾಫ್ಟ್‌ವೇರ್ ತಾನಾಗಿ ಓಡಿಯಿಂದ ತುಂಬಿಸಿಕೊಳ್ಳುತ್ತಿತ್ತು, ಅದಕ್ಕೆ ಲಿಮಿಟ್ ಎನ್ನುವುದೇ ಗೊತ್ತಿರಲಿಲ್ಲ. ಬಡ್ಡಿ ಲೆಕ್ಕ ಹಾಕುವುದರಲ್ಲಿ ಮಾತ್ರ ಒಂದು ಪೈಸೆ ತಪ್ಪಿಲ್ಲ! ಮುಂದೆ ಒಂದು ದಿನ ಬ್ಯಾಂಕ್ ಮ್ಯಾನೇಜರ್ ಇದೇ ಪ್ರಿಂಟೌಟ್ ಹಿಡಿದು, “ಈ ಓಡಿ ಯಾವ ಬ್ಯಾಂಕಿಂದರೀ? ನಮ್ಮಲ್ಲಂತೂ ಇಲ್ಲ” ಅಂದರು.

2022 ಹೇಗೆ ಹೋಯಿತು ಎಂದು ಫೌಂಡ್ರಿಯವರಿಗೆ ಹೇಳಬೇಕಿಲ್ಲ. ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನಿನ ಮೇಲೆ ನುಗ್ಗಿತು. ಎರಡೂ ಪಿಗ್ ಐರನ್ ರಫ್ತು ಮಾಡುವ ದೇಶಗಳು. ಪಿಗ್ ಐರನ್, ಕೋಕ್, ಸ್ಕ್ರಾಪ್ ಮೂರೂ ಏರಿದವು. ನಮ್ಮ ಪಾರ್ಟಿಗಳು ಕಾಸ್ಟಿಂಗ್ ದರ ಪರಿಷ್ಕರಿಸುವುದು ಮೂರು ತಿಂಗಳಿಗೊಮ್ಮೆ, ಅಲ್ಲಿಯವರೆಗೆ ಹೆಚ್ಚಿನ ದರ ನಮ್ಮ ತಲೆಯ ಮೇಲೆ. ಮೇ 4ಕ್ಕೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಶೇ 4ರಿಂದ 4.40ಕ್ಕೆ ಏರಿಸಿತು, 2023ರ ಫೆಬ್ರವರಿ ಹೊತ್ತಿಗೆ ಅದು 6.50. ನಮ್ಮ ಲೋನ್ ರೆಪೊಗೆ ಕಟ್ಟಿದ್ದು, ಅದು ಏರಿದರೆ ನಮ್ಮ ಬಡ್ಡಿಯೂ ಏರುತ್ತದೆ. ನಡುವೆ ಮೇ 21ರ ರಾತ್ರಿ ಕೇಂದ್ರ ಸರ್ಕಾರ ಪಿಗ್ ಐರನ್, ಉಕ್ಕಿನ ಮೇಲೆ ಶೇ 15 ರಫ್ತು ಸುಂಕ ಹಾಕಿತು, ದರ ಕುಸಿಯಿತು. ಒಳ್ಳೆಯದೇ ಆಯಿತಲ್ಲ ಎನ್ನಬೇಡಿ. ಹೆಚ್ಚಿನ ದರಕ್ಕೆ ತಂದ ಮಾಲು ಅಂಗಳದಲ್ಲಿತ್ತು, ಪಾರ್ಟಿಗಳು ದರ ಇನ್ನೂ ಇಳಿಯಲಿ ಎಂದು ಆರ್ಡರ್ ತಡೆಹಿಡಿದರು. ಅವರಲ್ಲೇ ದೊಡ್ಡವರೊಬ್ಬರು ಪೇಮೆಂಟನ್ನೂ ಎಳೆದರು.

ನೋಡಿ, ಇದರಲ್ಲಿ ಯಾವ ಒಂದನ್ನೂ ಸಾಫ್ಟ್‌ವೇರ್‌ನಲ್ಲಿ ಪ್ರತ್ಯೇಕವಾಗಿ ಎಳೆದು ನೋಡಬಹುದಿತ್ತು, ಒಂದೊಂದಕ್ಕೂ ಹಸಿರೇ ಬರುತ್ತಿತ್ತು. ಕಾರ್ಖಾನೆಯಲ್ಲಿ ಅವು ಒಂದರ ಬಾಲ ಇನ್ನೊಂದು ಹಿಡಿದುಕೊಂಡೇ ಬರುತ್ತವೆ. ಮಾಲಿನ ದರ ಏರಿದಾಗಲೇ ಪಾರ್ಟಿ ಪೇಮೆಂಟ್ ತಡ ಮಾಡುವುದು, ಪೇಮೆಂಟ್ ತಡವಾದಾಗಲೇ ಸಿಸಿ ತುಂಬುವುದು. ಇನ್ನೊಂದು ವಿಚಿತ್ರ: ಕಚ್ಚಾಮಾಲಿನ ಖರ್ಚನ್ನು ಅವರು ಮಾರಾಟದ ಇಂತಿಷ್ಟು ಶೇಕಡಾ ಎಂದು ಹಾಕಿದ್ದರು. ಹಾಗಾಗಿ ಮಾರಾಟ ಇಳಿಸಿದಷ್ಟೂ ಖರ್ಚೂ ತಾನಾಗಿ ಇಳಿಯುತ್ತಿತ್ತು. ಕರೆಂಟ್ ಬಿಲ್ಲೂ ಹಾಗೆಯೇ. ಹೆಸ್ಕಾಂನವರು ಡಿಮ್ಯಾಂಡ್ ಚಾರ್ಜ್ ಎಂದು ಒಂದು ತೆಗೆದುಕೊಳ್ಳುತ್ತಾರೆ, ಫರ್ನೇಸ್ ಉರಿಯಲಿ ಬಿಡಲಿ ಅದು ಕಟ್ಟಲೇಬೇಕು ಎಂದು ಕನ್ಸಲ್ಟಂಟರಿಗೆ ಬಿಲ್ ಇಟ್ಟು ತೋರಿಸಬೇಕಾಯಿತು.

ಜಿಎಸ್‌ಟಿಯನ್ನು ಮಾಡೆಲ್‌ನಲ್ಲಿ ಸೇರಿಸಿಯೇ ಇರಲಿಲ್ಲ. “ಅದು ಲಾಭನಷ್ಟಕ್ಕೆ ಬರೋದಿಲ್ಲವಲ್ಲ ಸರ್” ಎಂದರು. ಲಾಭಕ್ಕೆ ಬರುವುದಿಲ್ಲ ನಿಜ. ಆದರೆ ಕಾಸ್ಟಿಂಗ್‌ಗೆ ಶೇ 18. ಇನ್‌ವಾಯ್ಸ್ ಮಾಡಿದ ಮೇಲೆ ಮುಂದಿನ ತಿಂಗಳ 20ಕ್ಕೆ ಇನ್‌ಪುಟ್ (ನಾವು ಮಾಲು ಕೊಳ್ಳುವಾಗ ತೆತ್ತ ಜಿಎಸ್‌ಟಿ) ಕಳೆದು ಉಳಿದದ್ದನ್ನು ಕಟ್ಟಬೇಕು, ಪಾರ್ಟಿ ದುಡ್ಡು ಕೊಟ್ಟಿರಲಿ ಬಿಡಲಿ. ತಡವಾದರೆ ಶೇ 18 ಬಡ್ಡಿ. ಹಾಗಾಗಿ ಮೇಲಿನ ಲೆಕ್ಕದಲ್ಲಿ ಸಿಕ್ಕಿಕೊಳ್ಳುವುದು 1 ಕೋಟಿ ಅಲ್ಲ, 1.18 ಕೋಟಿ.

ಸಿಸಿ ತುಂಬಿ ಲಿಮಿಟ್ ಮೀರಿದಾಗ ಸಾಫ್ಟ್‌ವೇರ್ ಕಂಪನಿಯವರಿಗೆ ಫೋನ್ ಮಾಡಿದೆವು. ಅವರು ಹೇಳಿದ ಉಪಾಯ ಕೇಳಿ. ‘ಕ್ರೆಡಿಟರ್ ಡೇಸ್’ (ಮಾಲು ಕೊಟ್ಟವರಿಗೆ ನಾವು ದುಡ್ಡು ಕೊಡಲು ತೆಗೆದುಕೊಳ್ಳುವ ದಿನ) ಎಂಬ ಗುಂಡಿಯನ್ನು 30ರಿಂದ 75ಕ್ಕೆ ಎಳೆಯಿರಿ, ನಗದು ಸರಿಹೋಗುತ್ತದೆ. ಪರದೆಯಲ್ಲಿ ಸರಿಹೋಯಿತು ಕೂಡ. ತಿಂಗಳಿಗೆ 60 ಲಕ್ಷದ ಮಾಲು ತಂದರೆ, 45 ದಿನ ತಡ ಮಾಡಿದ್ದಕ್ಕೆ 90 ಲಕ್ಷ ಉಳಿಯಿತು! ಬ್ಯಾಂಕಿಗೆ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವವರಿಗೆ ಇದರ ತಮಾಷೆ ಗೊತ್ತು. ಡ್ರಾಯಿಂಗ್ ಪವರ್ (ಡಿಪಿ, ಸಿಸಿಯಿಂದ ಆ ತಿಂಗಳು ನಿಜವಾಗಿ ಎಷ್ಟು ತೆಗೆಯಬಹುದು ಎಂಬುದು) ಲೆಕ್ಕ ಹಾಕುವಾಗ ಬ್ಯಾಂಕು ಸ್ಟಾಕಿನಿಂದ ಕ್ರೆಡಿಟರ್‌ಗಳ ಬಾಕಿ ಕಳೆಯುತ್ತದೆ, ದುಡ್ಡು ಕೊಡದ ಮಾಲು ನಿಮ್ಮದಲ್ಲ ಎಂದು. ನಮ್ಮ ಮಾರ್ಜಿನ್ ಶೇ 25, ಅಂದರೆ ಉಳಿದ ಶೇ 75ಕ್ಕಷ್ಟೇ ಬ್ಯಾಂಕಿನ ದುಡ್ಡು. ಹಾಗಾಗಿ 90 ಲಕ್ಷ ಬಾಕಿ ಹೆಚ್ಚಾದರೆ ಡಿಪಿ ಲೆಕ್ಕದಲ್ಲಿ 67.5 ಲಕ್ಷ ಇಳಿತ. ಮೇಲಾಗಿ 90 ದಿನ ದಾಟಿದ ವಸೂಲಿ ಬಿಲ್ಲುಗಳನ್ನು ನಮ್ಮ ಬ್ಯಾಂಕು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಕೈಯಲ್ಲಿ ತೋರಿಸಿದ್ದನ್ನು ಆ ಕೈಯಲ್ಲಿ ಕಿತ್ತುಕೊಳ್ಳುವ ಈ ನಿಯಮ ಸಾಫ್ಟ್‌ವೇರ್‌ನೊಳಗೆ ಎಲ್ಲೂ ಇರಲಿಲ್ಲ.

ಈಗಂತೂ ಆ ಗುಂಡಿ ಇನ್ನೂ ಅಪಾಯ. ಮಾಲು ಕೊಟ್ಟವರು ನೋಂದಾಯಿತ ಮೈಕ್ರೊ ಅಥವಾ ಸ್ಮಾಲ್ ತಯಾರಕರಾಗಿದ್ದರೆ, ಒಪ್ಪಂದವಿದ್ದರೂ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ(ಎಚ್) ಎಂದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಆ ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದದ್ದು ಆ ವರ್ಷದ ಖರ್ಚೇ ಅಲ್ಲ. ಕೊಡದ ದುಡ್ಡನ್ನು ಲಾಭ ಎಂದು ಸೇರಿಸಿ ಅದಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ. 75 ದಿನಕ್ಕೆ ಎಳೆಯಿರಿ ಎಂದು ಹೇಳಿಕೊಡುವವರು ಈ ಮಾತೂ ಹೇಳುತ್ತಾರಾ ನೋಡಿ.

ಕಡೆಗೆ ಆದದ್ದು ಇಷ್ಟು. ಖಾತೆ ಎಸ್‌ಎಂಎ-1ಕ್ಕೆ (ಬ್ಯಾಂಕು ಎಚ್ಚರಿಕೆಗೆ ಗುರುತು ಹಾಕುವ ಖಾತೆಗಳ ಪಟ್ಟಿ) ಬಿತ್ತು, ಅಂದರೆ 30 ದಿನಕ್ಕೂ ಹೆಚ್ಚು ಕಾಲ ಲಿಮಿಟ್ ಮೀರಿತ್ತು. 90 ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಅಷ್ಟು ದೂರ ಹೋಗದಿರಲೆಂದು ಮಾಲಕರು ಮನೆಯ ಬಂಗಾರ ಅಡವಿಟ್ಟು ದುಡ್ಡು ಹಾಕಿದರು. ಕಂಪನಿಯವರ ಉತ್ತರ ಒಂದೇ ಸಾಲು: ಸಿನಾರಿಯೊಗಳು ಸಲಹೆ ಮಾತ್ರ, ಜವಾಬ್ದಾರಿ ಬಳಕೆದಾರರದು ಎಂದು ಒಪ್ಪಂದದಲ್ಲಿದೆ. ಇತ್ತು ಕೂಡ, ಸಣ್ಣಕ್ಷರದಲ್ಲಿ.

ಎಕ್ಸೆಲ್‌ನಲ್ಲೇ ಮಾಡಿಕೊಳ್ಳುತ್ತೇವೆ ಎನ್ನುವವರಿಗೂ ಒಂದು ಮಾತು. ಅದರ ಸಿನಾರಿಯೊ ಮ್ಯಾನೇಜರ್‌ನಲ್ಲಿ ‘ಶೋ’ ಒತ್ತಿದರೆ ಹಾಳೆಯಲ್ಲಿದ್ದ ಅಸಲು ಅಂಕಿಯ ಮೇಲೆಯೇ ಊಹೆಯ ಅಂಕಿ ಬಂದು ಕೂರುತ್ತದೆ. ಇವತ್ತಿನ ಸ್ಥಿತಿಯನ್ನೂ ಒಂದು ಸಿನಾರಿಯೊ ಎಂದು ಮೊದಲೇ ಉಳಿಸಿಕೊಳ್ಳದಿದ್ದರೆ, ಯಾವುದು ನಿಜ ಯಾವುದು ಊಹೆ ಎಂದು ಹುಡುಕಬೇಕಾಗುತ್ತದೆ. ಅದರ ಸಾರಾಂಶ ವರದಿಯೂ ಆವತ್ತಿನ ಫೋಟೊ ಮಾತ್ರ, ಅಂಕಿ ಬದಲಾದರೆ ತಾನಾಗಿ ಬದಲಾಗದು. ಬೇರೆ ಸಾಫ್ಟ್‌ವೇರ್‌ನಲ್ಲೂ ಹಳೆಯ ಸಿನಾರಿಯೊ ಹೊಸ ಲೆಕ್ಕದ ಜೊತೆ ಓಡುತ್ತದೋ ಇಲ್ಲವೋ ಕೇಳಿಕೊಳ್ಳಿ.

ಡೆಮೊಗೆ ಕೂತಾಗ ನಿಮ್ಮದೇ ಸಿಸಿ ಲಿಮಿಟ್ ಹಾಕಿಸಿ, ವಸೂಲಿ 30 ದಿನ ತಡ ಮಾಡಿಸಿ, ಜೊತೆಗೇ ಮಾಲಿನ ದರ ಏರಿಸಿ, ಮಾರಾಟ ಇಳಿಸಿ. ಎಲ್ಲ ಒಟ್ಟಿಗೆ. ಲಿಮಿಟ್ ಮೀರಿದ ತಿಂಗಳು ಪರದೆ ಕೆಂಪಾಗದಿದ್ದರೆ ಚಹಾ ಕುಡಿಸಿ ಕಳಿಸಿಬಿಡಿ. ವರ್ಷದ ಲೆಕ್ಕ ಬೇಡ, ತಿಂಗಳವಾರು ನಗದು ಕೇಳಿ, ಸಾಧ್ಯವಾದರೆ ವಾರದ್ದು. ಸಂಬಳದ 7, ಜಿಎಸ್‌ಟಿಯ 20, ಕಂತಿನ ದಿನ ಮೂರೂ ಅದರಲ್ಲಿ ಕಾಣಬೇಕು. ನಿಮ್ಮ ಸಿಎಯವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು, ನಮ್ಮ ಡೆಮೊ ಹೊತ್ತಿಗೆ ಅವರನ್ನು ಯಾರೂ ಕರೆದಿರಲಿಲ್ಲ.

ಚಂದಾ ಕಟ್ಟುವ ಮುಂಚೆ ಇನ್ನೊಂದು ಕೇಳಿ: ಬಿಟ್ಟು ಹೋಗುವಾಗ ಮಾಡೆಲ್ ಅನ್ನು ಸೂತ್ರಗಳ ಸಮೇತ ಎಕ್ಸೆಲ್‌ಗೆ ಇಳಿಸಿ ಕೊಡುತ್ತಾರಾ? ನಮಗೆ ಕೊಟ್ಟದ್ದು ಬರೀ ಅಂಕಿಗಳ ಪಿಡಿಎಫ್. ಯಾವ ಅಂಕಿ ಎಲ್ಲಿಂದ ಬಂತು ಎಂದು ಅದರಲ್ಲಿ ತಿಳಿಯದು, ಎಲ್ಲವನ್ನೂ ಟ್ಯಾಲಿಯಿಂದ ಮತ್ತೆ ಮೊದಲಿನಿಂದ ಕೂರಿಸಿಕೊಂಡೆವು.